ಡೀಸೆಲ್ ತೆರಿಗೆ ವಾಪಸ್ ಬರದು, ಬಾಡಿಗೆಯಲ್ಲೇ ವಸೂಲು ಮಾಡಿ

ಒಂದೇ ಗಾಡಿ ಇಟ್ಟುಕೊಂಡು ತಾವೇ ಓಡಿಸುವವರಿಗೆ ತೆರಿಗೆ, ಎಲ್‌ಆರ್, ಪರ್ಮಿಟ್‌ಗಳ ಕೈಪಿಡಿ

ಹೊಸದಾಗಿ ಲಾರಿ ಕೊಂಡವರು ಆಡಿಟರ್ ಮುಂದೆ ಕೂತ ತಕ್ಷಣ ಕೇಳುವ ಪ್ರಶ್ನೆ ಒಂದಿದೆ: ‘ಡೀಸೆಲ್‌ಗೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುತ್ತಾ ಸಾರ್?’ ಬರೋದಿಲ್ಲ. ಡೀಸೆಲ್ ಮೇಲೆ ಜಿಎಸ್‌ಟಿ ಹಾಕುವುದೇ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ನೈಸರ್ಗಿಕ ಅನಿಲ ಈ ಐದನ್ನೂ ಪಕ್ಕಕ್ಕಿಟ್ಟರು. ಅವು ಇನ್ನೂ ಪಕ್ಕದಲ್ಲೇ ಇವೆ. ಹಾಗಾಗಿ ಬಂಕಿನಲ್ಲಿ ಕೊಟ್ಟ ತೆರಿಗೆ ಕೊಟ್ಟ ಹಾಗೆಯೇ. ಅದನ್ನು ವಾಪಸ್ ತರುವ ದಾರಿ ಒಂದೇ: ಬಾಡಿಗೆ ಕುದುರಿಸುವಾಗ ಲೆಕ್ಕ ಹಾಕಿ ಸೇರಿಸಿಕೊಳ್ಳುವುದು. ಲೆಕ್ಕ ಹಾಕಬೇಕಾದರೆ ಕೈಯಲ್ಲಿ ಕಾಗದ ಇರಬೇಕು.

ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯ, ದೊಡ್ಡನೆಕ್ಕುಂದಿಯ ಕಾರ್ಖಾನೆಗಳಿಂದ ಹೊರಡುವ ಮಾಲು, ವೈಟ್‌ಫೀಲ್ಡಿನ ಕಂಟೇನರ್ ಡಿಪೊಗೆ ಹೋಗಿ ಬರುವ ಸರಕು, ಹೊಸಕೋಟೆ, ಮಾಲೂರು, ನರಸಾಪುರದ ಗೋದಾಮುಗಳ ಲೋಡು ಇವನ್ನೆಲ್ಲ ಎಳೆಯುವವರಲ್ಲಿ ದೊಡ್ಡ ಕಂಪನಿಯ ಗಾಡಿಗಳ ಜೊತೆಗೆ ಒಂಟಿ ಮಾಲೀಕರೂ ಬೇಕಾದಷ್ಟು ಜನ ಇದ್ದಾರೆ. ಸ್ಟೀರಿಂಗ್ ಹಿಡಿಯುವವರೂ ಅವರೇ, ಕಂತು ಕಟ್ಟುವವರೂ ಅವರೇ. ಈ ಲೇಖನ ಅವರಿಗಾಗಿ.

ಮೊದಲು ಬಂಕಿನ ಲೆಕ್ಕ

ಒಂದು ಲೀಟರ್ ಡೀಸೆಲ್‌ನಲ್ಲಿ ಎರಡು ತೆರಿಗೆ ಸೇರಿರುತ್ತವೆ. ಒಂದು ಕೇಂದ್ರದ ಅಬಕಾರಿ ಸುಂಕ. 2025ರ ಏಪ್ರಿಲ್ 8ರ ಏರಿಕೆಯ ನಂತರ ಅದು ಲೀಟರಿಗೆ ₹17.80 ಆಯಿತು. ಇನ್ನೊಂದು ಕರ್ನಾಟಕ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಇದು ಶೇ 14.3ರಿಂದ 18.4ಕ್ಕೆ ಏರಿತು, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಹೋಯಿತು. ಆಗ ಬೆಂಗಳೂರಿನ ಬಂಕ್ ದರ ₹91.02ಕ್ಕೆ ಬಂದು ನಿಂತಿತು. ಅದರಲ್ಲಿ ರಾಜ್ಯದ ಪಾಲು ಸುಮಾರು ₹16. ಎರಡೂ ಸೇರಿದರೆ ಲೀಟರಿಗೆ ₹33ರ ಮೇಲೆ. ಅಂದರೆ ನೀವು ಡೀಸೆಲ್‌ಗೆ ಕೊಡುವ ನೂರು ರೂಪಾಯಿಯಲ್ಲಿ ಮೂವತ್ತೇಳು ತೆರಿಗೆಗೆ ಹೋಗುತ್ತದೆ. ಈ ಅಂಕಿಗಳು ಆ ತಿಂಗಳ ದರದ್ದು; ದರ ಬದಲಾದಾಗ ಅಂಕಿ ಬದಲಾಯಿಸಿಕೊಳ್ಳಿ, ಲೆಕ್ಕ ಹಾಕುವ ಕ್ರಮ ಅದೇ.

ಅದೇ ತಿಂಗಳು ರಾಜ್ಯದ ಲಾರಿ ಮಾಲೀಕರ ಒಕ್ಕೂಟ ಮುಷ್ಕರ ಹೂಡಿತ್ತು. ಗಾಡಿಗಳು ಕೆಲವು ದಿನ ನಿಂತವು, ಮಾತುಕತೆ ನಡೆಯಿತು, ಮುಷ್ಕರ ಮುಗಿಯಿತು. ಡೀಸೆಲ್ ತೆರಿಗೆ ಇಳಿಯಲಿಲ್ಲ.

ಅಮೆರಿಕ, ಕೆನಡಾದಲ್ಲಿ ಲಾರಿ ಇಟ್ಟುಕೊಂಡ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡುವವರು ಮೂರು ತಿಂಗಳಿಗೊಮ್ಮೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದೆ, ಎಲ್ಲಿ ಎಷ್ಟು ಡೀಸೆಲ್ ತುಂಬಿಸಿದೆ ಎಂದು ‘ಇಫ್ಟಾ’ ವಿವರ ಸಲ್ಲಿಸಬೇಕು. ತುಂಬಿಸಿದ ರಾಜ್ಯ ಒಂದು, ಓಡಿದ ರಾಜ್ಯ ಇನ್ನೊಂದಾದರೆ ತೆರಿಗೆಯನ್ನು ಆಮೇಲೆ ಹೊಂದಿಸುತ್ತಾರೆ. ನಮ್ಮಲ್ಲಿ ಆ ತಲೆನೋವಿಲ್ಲ. ಎಲ್ಲಿ ತುಂಬಿಸಿದಿರೋ ಆ ರಾಜ್ಯಕ್ಕೆ ತೆರಿಗೆ ಹೋಯಿತು, ಅಲ್ಲಿಗೆ ಮುಗಿಯಿತು. ಆದ್ದರಿಂದ ಎಲ್ಲಿ ತುಂಬಿಸಬೇಕು ಎನ್ನುವುದಷ್ಟೇ ನಿಮ್ಮ ಕೈಯಲ್ಲಿ ಉಳಿದಿದೆ. 2025ರ ಏಪ್ರಿಲ್‌ನಲ್ಲಿ ತೆರಿಗೆ ಏರಿಸಿದಾಗ ರಾಜ್ಯ ಸರ್ಕಾರವೇ ಅಕ್ಕಪಕ್ಕದ ದರಗಳನ್ನು ಮುಂದಿಟ್ಟಿತ್ತು: ಹೊಸೂರಿನಲ್ಲಿ ₹94.42, ಅನಂತಪುರದಲ್ಲಿ ₹97.35, ಕಾಸರಗೋಡಿನಲ್ಲಿ ₹95.66. ಆ ದರದಲ್ಲಿ 300 ಲೀಟರಿನ ಟ್ಯಾಂಕನ್ನು ಅತ್ತಿಬೆಲೆ ದಾಟುವ ಮುನ್ನ ತುಂಬಿಸಿದರೆ ಹೊಸೂರಿನಲ್ಲಿ ತುಂಬಿಸುವುದಕ್ಕಿಂತ ಸಾವಿರ ರೂಪಾಯಿ ಉಳಿಯುತ್ತದೆ. ಆಂಧ್ರದ ಕಡೆ ಹೊರಟವರಿಗೆ ಉಳಿತಾಯ ಹತ್ತಿರ ಹತ್ತಿರ ಎರಡು ಪಟ್ಟು. ಹೊರಡುವ ದಿನ ಎರಡೂ ಕಡೆಯ ದರವನ್ನು ಫೋನಿನಲ್ಲಿ ನೋಡಿಕೊಳ್ಳಿ. ಬೆಳಿಗ್ಗೆ 6ಕ್ಕೆ ಹೊಸ ದರ ಬಂದಿರುತ್ತದೆ.

ದರ ಕಡಿಮೆ ಇದೆ ಎಂದು ಬಿಲ್ ಕೊಡದ ಕಡೆ, ಡ್ರಮ್ಮಿನಲ್ಲಿ ಮಾರುವ ಕಡೆ ಹೋಗಬೇಡಿ. ಮಹದೇವಪುರದ ಆಸುಪಾಸಿನವರಿಗೆ ಅದರ ಅಗತ್ಯವೂ ಇಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಪೈಪ್‌ಲೈನಿನಲ್ಲಿ ಬರುವ ತೈಲ ಇಳಿಯುವ ದೇವನಗೊಂದಿ ಡಿಪೊ ಇರುವುದೇ ಹೊಸಕೋಟೆ ಮಗ್ಗುಲಲ್ಲಿ. ಅಳತೆ ಬಗ್ಗೆ ಅನುಮಾನ ಬಂದರೆ ಬಂಕಿನವರನ್ನು ಐದು ಲೀಟರಿನ ಅಳತೆ ಪಾತ್ರೆ ತರಲು ಹೇಳಿ. ಮುದ್ರೆ ಒತ್ತಿದ ಆ ಪಾತ್ರೆಯನ್ನು ಪ್ರತಿ ಬಂಕೂ ಇಟ್ಟಿರಲೇಬೇಕು, ಗ್ರಾಹಕ ಕೇಳಿದರೆ ಹಿಡಿದು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿ ಲೀಟರ್ ಹೆಚ್ಚು ಕಡಿಮೆ ಆಗಬಹುದು, ಅದಕ್ಕಿಂತ ಹೆಚ್ಚಲ್ಲ.

ಬಿಲ್ಲಿನಲ್ಲಿ ತಾರೀಕು, ಲೀಟರ್, ದರ, ಗಾಡಿ ನಂಬರ್ ನಾಲ್ಕೂ ಇರಲಿ. ಬಂಕಿನ ಯಂತ್ರದಿಂದ ಬರುವ ಚೀಟಿ ಡ್ಯಾಶ್‌ಬೋರ್ಡಿನ ಬಿಸಿಲಿಗೆ ತಿಂಗಳೊಳಗೆ ಬಿಳಿ ಹಾಳೆಯಾಗುತ್ತದೆ. ಅವತ್ತೇ ಫೋಟೊ ತೆಗೆದಿಡಿ. ಒಂದೇ ಕಂಪನಿಯ ಬಂಕುಗಳಲ್ಲಿ ತುಂಬಿಸುವವರು ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಎಚ್‌ಪಿಯ ಡ್ರೈವ್‌ಟ್ರ್ಯಾಕ್ ಪ್ಲಸ್ ಕಾರ್ಡುಗಳಲ್ಲಿ ಒಂದನ್ನು ಮಾಡಿಸಿಕೊಂಡರೆ ತಿಂಗಳ ಲೆಕ್ಕ ತಾನಾಗಿ ಸಿದ್ಧವಾಗುತ್ತದೆ. ಒಂದೇ ಗಾಡಿ ಇದ್ದರೂ ಕೇಳಿ ನೋಡಿ.

ಟ್ರಿಪ್ ಪುಸ್ತಕ: ಒಂದು ಪುಟ ಹೀಗಿರಲಿ

ಇನ್ನೂರು ಪುಟದ ನೋಟ್‌ಬುಕ್ ಸಾಕು, ಆ್ಯಪ್ ಬೇಕಿಲ್ಲ. ಒಂದು ಟ್ರಿಪ್ಪಿಗೆ ಒಂದು ಪುಟ. ಹತ್ತು ಚಕ್ರದ ಗಾಡಿ ವೈಟ್‌ಫೀಲ್ಡಿನಿಂದ ಚೆನ್ನೈಗೆ ಹೋಗಿ ಬಂತು ಎಂದಿಟ್ಟುಕೊಳ್ಳೋಣ. ಹೊರಟಾಗಿನ ಮೀಟರ್, ಬಂದಾಗಿನ ಮೀಟರ್, ಓಡಿದ್ದು 700 ಕಿ.ಮೀ. ಲೀಟರಿಗೆ 4 ಕಿ.ಮೀ. ಕೊಟ್ಟರೆ ಡೀಸೆಲ್ 175 ಲೀಟರ್. ₹91.02ರಂತೆ ₹15,928. ಇದರಲ್ಲಿ ತೆರಿಗೆಯೇ ₹5,900ರ ಆಸುಪಾಸು. ಇದರ ಕೆಳಗೆ ಟೋಲ್, ಬಾಟಾ, ಹಮಾಲಿ, ಬ್ರೋಕರ್ ಕಮಿಷನ್, ಪಂಕ್ಚರ್, ಹಾಲ್ಟಿಂಗ್ ಆಗಿದ್ದರೆ ಎಷ್ಟು ಗಂಟೆ. ಇನ್ನೊಂದು ಮಗ್ಗುಲಲ್ಲಿ ಬಾಡಿಗೆ ಎಷ್ಟು ಮಾತಾಯಿತು, ಅಡ್ವಾನ್ಸ್ ಎಷ್ಟು ಬಂತು, ಬ್ಯಾಲೆನ್ಸ್ ಯಾರ ಹತ್ತಿರ ಉಳಿಯಿತು, ಡೆಲಿವರಿ ರಸೀದಿ ಯಾವ ದಿನ ಕೊಟ್ಟಿರಿ. ದಾರಿಯಲ್ಲಿ ರಸೀದಿ ಇಲ್ಲದೆ ಕೊಡಬೇಕಾಗುವ ದುಡ್ಡನ್ನೂ ‘ದಾರಿ ಖರ್ಚು’ ಎಂದು ಬರೆದಿಡಿ. ಯಾರಿಗೂ ತೋರಿಸಬೇಕಾಗಿಲ್ಲ, ಆದರೆ ಗಾಡಿ ನಿಜವಾಗಿ ದುಡಿಯುತ್ತಿದೆಯೇ ಎಂದು ನಿಮಗೆ ಗೊತ್ತಾಗಬೇಕಲ್ಲ.

ಮೈಲೇಜ್ ತಿಳಿಯಲು ಟ್ಯಾಂಕ್ ಫುಲ್ ಮಾಡಿಸಿ ಹೊರಡಿ, ಬಂದು ಮತ್ತೆ ಫುಲ್ ಮಾಡಿಸಿ. ಎರಡನೇ ಸಲ ಹಿಡಿದ ಲೀಟರಿನಿಂದ ಓಡಿದ ಕಿ.ಮೀ. ಭಾಗಿಸಿ. ಮೀಟರಿನ ಮುಳ್ಳು ನಂಬಿ ಅಂದಾಜು ಹಾಕಬೇಡಿ.

ಈ ಪುಸ್ತಕದ ನಿಜವಾದ ಉಪಯೋಗ ಬಾಡಿಗೆ ಮಾತಾಡುವಾಗ. ಕಾರ್ಖಾನೆಯೊಂದಕ್ಕೆ ತಿಂಗಳುಗಟ್ಟಲೆ ಖಾಯಂ ಓಡಿಸುವ ಒಪ್ಪಂದವಾದರೆ ಒಂದು ಸಾಲು ಸೇರಿಸಿ ಎಂದು ಕೇಳಿ: ‘ಬೆಂಗಳೂರಿನ ಡೀಸೆಲ್ ದರ ₹91 ಇದ್ದಾಗ ಈ ಬಾಡಿಗೆ, ದರದಲ್ಲಿ ₹1 ಏರಿದರೆ ಅಥವಾ ಇಳಿದರೆ ಕಿ.ಮೀ.ಗೆ 25 ಪೈಸೆ ವ್ಯತ್ಯಾಸ.’ ಲೀಟರಿಗೆ 4 ಕಿ.ಮೀ. ಓಡುವ ಗಾಡಿಗೆ ಒಂದು ರೂಪಾಯಿ ಅಂದರೆ ಕಿ.ಮೀ.ಗೆ ಸರಿಯಾಗಿ 25 ಪೈಸೆ, 5 ಕಿ.ಮೀ. ಓಡುವ ಗಾಡಿಗೆ 20 ಪೈಸೆ. ದೊಡ್ಡ ಸಾಗಣೆ ಕಂಪನಿಗಳು ಇಂಥ ಷರತ್ತನ್ನು ಹಾಕಿಯೇ ಸಹಿ ಮಾಡುತ್ತವೆ. ಒಂಟಿ ಮಾಲೀಕರು ಕೇಳುವುದಿಲ್ಲ, ಹಾಗಾಗಿ ಸಿಗುವುದಿಲ್ಲ. 2025ರ ಏಪ್ರಿಲ್ 1ರ ಎರಡು ರೂಪಾಯಿ ಏರಿಕೆ ಮೇಲಿನ ಚೆನ್ನೈ ಟ್ರಿಪ್ಪಿಗೆ ₹350. ತಿಂಗಳಿಗೆ ಎಂಟು ಟ್ರಿಪ್ ಹೊಡೆದರೆ ₹2,800. ಅದು ಮಾಲೀಕರ ಜೇಬಿನಿಂದ ಹೋಯಿತೋ ಕಾರ್ಖಾನೆಯ ಖಾತೆಯಿಂದ ಹೋಯಿತೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿದೆ.

ಎಲ್‌ಆರ್ ಪುಸ್ತಕ ಅಚ್ಚು ಹಾಕಿಸುವ ಮುನ್ನ

‘ಅಣ್ಣಾ, ಜಿಎಸ್‌ಟಿ ಮಾಡಿಸಿಬಿಡು, ಲೋಡ್ ಸಿಗೋದು ಸಲೀಸು’ ಎಂದು ಸಲಹೆ ಕೊಡುವವರು ಗಲ್ಲಿಗೊಬ್ಬರಿದ್ದಾರೆ. ನಿಲ್ಲಿ. ರಸ್ತೆಯಲ್ಲಿ ಸರಕು ಸಾಗಿಸುವ ಸೇವೆಗೆ ಜಿಎಸ್‌ಟಿಯಲ್ಲಿ ವಿನಾಯಿತಿ ಇದೆ. ಈ ವಿನಾಯಿತಿ ಇಲ್ಲದಿರುವುದು ಕೊರಿಯರ್‌ನವರಿಗೆ ಮತ್ತು ಸರಕು ಸಾಗಣೆ ಏಜೆನ್ಸಿಗಳಿಗೆ. ಏಜೆನ್ಸಿ ಅಂದರೆ ಯಾರು? ದೊಡ್ಡ ಆಫೀಸು, ಹತ್ತು ಗಾಡಿ ಇದ್ದವರು ಎಂದಲ್ಲ. ಸರಕಿನ ರಸೀದಿಯನ್ನು, ಅಂದರೆ ನಾವು ಎಲ್‌ಆರ್ ಅಥವಾ ಬಿಲ್ಟಿ ಅನ್ನುವ ಕಾಗದವನ್ನು, ತಮ್ಮ ಹೆಸರಿನಲ್ಲಿ ಕೊಡುವವರು. ಎಲ್‌ಆರ್ ಬರೆದುಕೊಟ್ಟ ಕ್ಷಣದಿಂದ ಮಾಲು ಮುಟ್ಟುವವರೆಗಿನ ಹೊಣೆ ಬರೆದುಕೊಟ್ಟವರದು.

ನೀವು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಗಾಡಿ ಬಾಡಿಗೆಗೆ ಕೊಡುತ್ತೀರಿ, ಎಲ್‌ಆರ್ ಅವರದು ಎಂದಾದರೆ ಅದೂ ವಿನಾಯಿತಿಯೊಳಗೇ ಇದೆ. ನಿಮಗೆ ನೋಂದಣಿ ಬೇಕಿಲ್ಲ, ತಿಂಗಳ ರಿಟರ್ನ್ ಬೇಕಿಲ್ಲ. ಕಾರ್ಖಾನೆಯವರು ನೇರವಾಗಿ ಕರೆದು ‘ನಿಮ್ಮದೇ ಎಲ್‌ಆರ್ ತನ್ನಿ’ ಎಂದಾಗ ಮಾತ್ರ ಯೋಚಿಸಿ. ಅಚ್ಚು ಹಾಕಿಸಿದರೆ ನೀವು ಏಜೆನ್ಸಿ ಆಗುತ್ತೀರಿ. ಆಗಲೂ ಗಾಬರಿ ಬೇಡ. ಕಾರ್ಖಾನೆ, ಕಂಪನಿ, ಪಾಲುದಾರಿಕೆ ಸಂಸ್ಥೆ, ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಇಂಥವರಿಗೆ ಸಾಗಿಸಿದರೆ ಶೇ 5 ತೆರಿಗೆಯನ್ನು ಸೇವೆ ಪಡೆದವರೇ ಸರ್ಕಾರಕ್ಕೆ ನೇರವಾಗಿ ಕಟ್ಟಬೇಕು. ನಿಮ್ಮ ಎಲ್ಲ ಗಿರಾಕಿಗಳೂ ಹೀಗೆ ತಾವೇ ಕಟ್ಟುವವರಾದರೆ ನಿಮಗೆ ನೋಂದಣಿಯಿಂದ ಬಿಡುಗಡೆ ಇದೆ. ಬಿಲ್ಲಿನಲ್ಲಿ ‘ತೆರಿಗೆ ಸೇವೆ ಪಡೆದವರ ಹೊಣೆ’ ಎಂದು ಬರೆದರಾಯಿತು.

ಹಾಗಾದರೆ ನೋಂದಣಿ ಯಾರಿಗೆ ಲಾಭ? ನೀವೇ ತೆರಿಗೆ ಹಾಕಿ ಬಿಲ್ ಮಾಡುತ್ತೀರಿ ಎಂದರೆ 2025ರ ಸೆಪ್ಟೆಂಬರ್ 22ರಿಂದ ಎರಡು ದಾರಿ: ಖರೀದಿ ತೆರಿಗೆ ವಾಪಸ್ ಕೇಳದೆ ಶೇ 5, ಅಥವಾ ಟೈರ್, ಬಿಡಿಭಾಗ, ವಿಮೆಯ ಮೇಲೆ ಕಟ್ಟಿದ ತೆರಿಗೆ ಹೊಂದಿಸಿಕೊಂಡು ಶೇ 18. ಹಿಂದೆ ಶೇ 12 ಇದ್ದದ್ದು 18 ಆಯಿತು. ಅದೇ ದಿನ ಹೊಸ ಲಾರಿಯ ತೆರಿಗೆ ಶೇ 28ರಿಂದ 18ಕ್ಕೆ, ಸರಕು ವಾಹನದ ಥರ್ಡ್ ಪಾರ್ಟಿ ವಿಮೆಯ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಯಾವ ದಾರಿ ಹಿಡಿದರೂ ಡೀಸೆಲ್ ತೆರಿಗೆ ಹೊಂದಿಕೆಯಾಗುವುದಿಲ್ಲ. ಖರ್ಚಿನ ದೊಡ್ಡ ಪಾಲೇ ಡೀಸೆಲ್ ಆಗಿರುವ ಒಂಟಿ ಗಾಡಿಯವರಿಗೆ ನೋಂದಣಿಯಿಂದ ಬರುವುದು ಕಡಿಮೆ, ರಿಟರ್ನ್ ತಪ್ಪಿದರೆ ಕಟ್ಟುವ ದಂಡ ಜಾಸ್ತಿ. ಎರಡನೆಯ, ಮೂರನೆಯ ಗಾಡಿ ಬರುವವರೆಗೆ ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಏಪ್ರಿಲ್‌ನಲ್ಲಿ ಒಂದು ಹಾಳೆ, ಜುಲೈನಲ್ಲಿ ಒಂದು ರಿಟರ್ನ್

ಆದಾಯ ತೆರಿಗೆ ಅಂದರೆ ಹೆದರುವ ಚಾಲಕರಿಗೆ ಗೊತ್ತಿಲ್ಲದ ವಿಷಯ: ಈ ಕಾನೂನಿನಲ್ಲಿ ಸಣ್ಣ ಲಾರಿ ಮಾಲೀಕರಿಗೆಂದೇ ಒಂದು ಸುಲಭದ ಬಾಗಿಲಿದೆ. ಆಡಿಟರುಗಳು ಅದನ್ನು ‘ನಲವತ್ತನಾಲ್ಕು ಎಇ’ ಎನ್ನುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದ್ದರೂ ಹಳೆಯ ಹೆಸರು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ನಿಯಮ ಹೀಗಿದೆ. ವರ್ಷದ ಯಾವ ಹೊತ್ತಿನಲ್ಲೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ನಿಮ್ಮ ಹೆಸರಿನಲ್ಲಿ ಇರಬಾರದು. ಆರ್‌ಸಿಯಲ್ಲಿ ಒಟ್ಟು ತೂಕ 12,000 ಕೆ.ಜಿ. ಮೀರಿದ ಗಾಡಿಯಾದರೆ ತಿಂಗಳಿಗೆ ಪ್ರತಿ ಟನ್ನಿಗೆ ₹1,000 ಆದಾಯ ಎಂದು ಲೆಕ್ಕ. ಅದಕ್ಕಿಂತ ಚಿಕ್ಕ ಗಾಡಿಗೆ ತಿಂಗಳಿಗೆ ₹7,500. 28 ಟನ್ನಿನ ಹತ್ತು ಚಕ್ರದ ಗಾಡಿಗೆ ತಿಂಗಳಿಗೆ ₹28,000, ವರ್ಷಕ್ಕೆ ₹3,36,000. ಚಿಕ್ಕ ಗಾಡಿಗೆ ವರ್ಷಕ್ಕೆ ₹90,000. ಡೀಸೆಲ್ ಬಿಲ್ ತೋರಿಸಬೇಕಿಲ್ಲ, ಲೆಕ್ಕಪುಸ್ತಕ ಒಪ್ಪಿಸಬೇಕಿಲ್ಲ. ಗಾಡಿ ಫೈನಾನ್ಸ್ ಮೇಲಿದ್ದರೂ ಮಾಲೀಕರು ನೀವೇ. ಆದರೆ ಬಡ್ಡಿ, ಸವಕಳಿ ಎಂದು ಬೇರೆ ಕಳೆಯಲು ಬರುವುದಿಲ್ಲ. ಗಾಡಿ ತಿಂಗಳ ನಡುವೆ ಕೊಂಡರೂ ಪೂರ್ತಿ ತಿಂಗಳ ಲೆಕ್ಕ. ಗ್ಯಾರೇಜಿನಲ್ಲಿ ನಿಂತ ತಿಂಗಳೂ ಲೆಕ್ಕಕ್ಕೆ ಬರುತ್ತದೆ, ಇದೊಂದು ಅನ್ಯಾಯವೇ. ‘ಇಷ್ಟು ದುಡಿಯಲಿಲ್ಲ, ಕಡಿಮೆ ತೋರಿಸುತ್ತೇನೆ’ ಎಂದರೆ ಪೂರ್ತಿ ಲೆಕ್ಕ ಬರೆದು ಆಡಿಟ್ ಮಾಡಿಸಬೇಕು. ಅದರ ಫೀಸು ನೋಡಿದರೆ ಸುಮ್ಮನಿರುವುದೇ ವಾಸಿ ಅನ್ನಿಸುತ್ತದೆ.

2025–26ರಿಂದ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಬೇರೆ ಆದಾಯ ಇಲ್ಲದ ಒಂಟಿ ಗಾಡಿ ಮಾಲೀಕರಿಗೆ ತೆರಿಗೆ ಸೊನ್ನೆ. ಆದರೂ ‘ಸುಗಮ್’ ಎಂಬ ಐಟಿಆರ್–4 ಅನ್ನು ಜುಲೈ ಮುಗಿಯುವುದರೊಳಗೆ ಹಾಕಿಬಿಡಿ. ಎರಡನೇ ಗಾಡಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳುವುದೇ ಹಿಂದಿನ ವರ್ಷಗಳ ರಿಟರ್ನ್. ನಿಜವಾಗಿ ಹೆಚ್ಚು ದುಡಿದಿದ್ದರೆ ಹೆಚ್ಚೇ ತೋರಿಸಿ, ಸಾಲದ ಮಿತಿಗೂ ಅದು ಅನುಕೂಲ.

ಇನ್ನು ಏಪ್ರಿಲ್‌ನ ಹಾಳೆ. ಟ್ರಾನ್ಸ್‌ಪೋರ್ಟ್ ಆಫೀಸು ಅಥವಾ ಕಾರ್ಖಾನೆ ನಿಮಗೆ ಒಂದು ಸಲಕ್ಕೆ ₹30,000, ಇಲ್ಲವೇ ವರ್ಷಕ್ಕೆ ₹1 ಲಕ್ಷ ಮೀರಿ ಬಾಡಿಗೆ ಕೊಟ್ಟರೆ ಶೇ 1 ಟಿಡಿಎಸ್ ಹಿಡಿಯುತ್ತದೆ. ವರ್ಷಕ್ಕೆ ₹18 ಲಕ್ಷ ಬಾಡಿಗೆ ಬಂದರೆ ₹18,000 ಮುಂದಿನ ವರ್ಷದ ರಿಫಂಡ್ ಬರುವವರೆಗೆ ಸರ್ಕಾರದ ಹತ್ತಿರ ಕೂತಿರುತ್ತದೆ. ಪ್ಯಾನ್ ಕೊಡದಿದ್ದರೆ ಹಿಡಿತ ಶೇ 20. ಇದನ್ನು ತಪ್ಪಿಸಲು ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಒಂದು ಹಾಳೆ ಘೋಷಣೆ ಕೊಟ್ಟರೆ ಸಾಕು. ‘ನಾನು ಸರಕು ಸಾಗಣೆ ವೃತ್ತಿಯಲ್ಲಿದ್ದೇನೆ, ಈ ವರ್ಷ ಯಾವ ಸಮಯದಲ್ಲೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಹೊಂದಿಲ್ಲ’ ಎಂದು ಬರೆದು ಪ್ಯಾನ್ ಸಂಖ್ಯೆ, ಗಾಡಿ ನಂಬರ್, ಸಹಿ ಹಾಕಿ. ಜೊತೆಗೆ ಆರ್‌ಸಿ ಜೆರಾಕ್ಸ್. ಪ್ರತಿ ವರ್ಷ, ಪ್ರತಿ ಆಫೀಸಿಗೂ ಬೇರೆ ಬೇರೆ. ಏಪ್ರಿಲ್‌ನಲ್ಲಿ ಮೊದಲ ಲೋಡಿಗೆ ಮೊದಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದಿದ್ದರೆ ಮಾರ್ಚಿಯಲ್ಲಿ ‘ಕೊಟ್ಟೇ ಇಲ್ಲ’ ಅನ್ನುತ್ತಾರೆ.

ಬಾಡಿಗೆಗೆಂದೇ ಬೇರೆ ಬ್ಯಾಂಕ್ ಖಾತೆ ಇಡಿ. ಮನೆ ಬಾಡಿಗೆ, ಮಕ್ಕಳ ಫೀಸು, ಡೀಸೆಲ್ ಎಲ್ಲ ಒಂದೇ ಖಾತೆಯಿಂದ ಹೋದರೆ ಆಡಿಟರಿಗೂ ತಿಳಿಯದು, ನಿಮಗೂ ತಿಳಿಯದು.

ಇ-ವೇ ಬಿಲ್: ಗೇಟಿನಲ್ಲೇ ನೋಡಿ

ಮಾಲಿನ ಬೆಲೆ ₹50,000 ಮೀರಿದರೆ ಇ-ವೇ ಬಿಲ್ ಬೇಕು. ರಾಜ್ಯದೊಳಗಿನ ಸಾಗಣೆಗೂ ಇದನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೆ ತಂದಿದ್ದು ಕರ್ನಾಟಕವೇ. ಬಿಲ್ ಮಾಡುವುದು ಮಾಲು ಕಳಿಸುವವರ ಕೆಲಸ, ತಪ್ಪಿದ್ದರೆ ರಸ್ತೆಯಲ್ಲಿ ನಿಲ್ಲುವುದು ನಿಮ್ಮ ಗಾಡಿ. ಆದ್ದರಿಂದ ಕಾರ್ಖಾನೆಯ ಗೇಟ್ ದಾಟುವ ಮುನ್ನ ಗಾಡಿ ನಂಬರ್, ಇನ್‌ವಾಯ್ಸ್ ನಂಬರ್, ಹೊರಡುವ ಮತ್ತು ತಲುಪುವ ಪಿನ್‌ಕೋಡ್, ಅವಧಿ ಇಷ್ಟನ್ನೂ ಕಣ್ಣಾರೆ ನೋಡಿ. ದೂರವನ್ನು ಪಿನ್‌ಕೋಡ್‌ನಿಂದಲೇ ಲೆಕ್ಕ ಹಾಕುತ್ತಾರೆ. ಮಹದೇವಪುರದ 560048 ಬದಲು ಕಂಪನಿಯ ಬೇರೆ ಊರಿನ ಆಫೀಸಿನ ಪಿನ್ ಬಿದ್ದರೆ ಅವಧಿಯೇ ಎಡವಟ್ಟಾಗುತ್ತದೆ.

ಅವಧಿ 200 ಕಿ.ಮೀ.ಗೆ ಒಂದು ದಿನ. 350 ಕಿ.ಮೀ.ಗೆ ಎರಡು ದಿನ. ಮೊದಲ ದಿನ ಮುಗಿಯುವುದು ಮಾರನೆಯ ದಿನದ ಮಧ್ಯರಾತ್ರಿಗೆ. ಸೋಮವಾರ ಸಂಜೆ ಬಿಲ್ ಆಗಿದ್ದರೆ ಬುಧವಾರ ಮಧ್ಯರಾತ್ರಿವರೆಗೆ ಅವಕಾಶ. ಔಟರ್ ರಿಂಗ್ ರೋಡಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವ ವೇಳೆಯಲ್ಲಿ ಸಿಕ್ಕಿ ಅರ್ಧ ದಿನ ಕಳೆದರೆ ಆ ಹೊತ್ತನ್ನು ಯಾರೂ ಕೂಡಿಸಿಕೊಡುವುದಿಲ್ಲ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು. ಗಾಡಿ ಕೆಟ್ಟಿತೋ, ಕೂಡಲೇ ಮಾಲಿನವರಿಗೆ ಫೋನ್ ಮಾಡಿ. ಬೇರೆ ಗಾಡಿಗೆ ಮಾಲು ತುಂಬಿದರೆ ಹೊಸ ನಂಬರ್ ಬಿಲ್ಲಿಗೆ ಸೇರಿಸಿದ ಮೇಲೆಯೇ ಹೊರಡಬೇಕು.

ಜಿಎಸ್‌ಟಿ ಇಲ್ಲದವರೂ ಇ-ವೇ ಬಿಲ್ ಜಾಲತಾಣದಲ್ಲಿ ಸಾಗಣೆದಾರರೆಂದು ಹೆಸರು ಬರೆಸಿ 15 ಅಂಕಿ-ಅಕ್ಷರದ ಗುರುತು ಸಂಖ್ಯೆ ಪಡೆಯಬಹುದು. ಅದು ಇದ್ದರೆ ಗಾಡಿ ನಂಬರ್ ಬದಲಿಸುವುದು, ಅವಧಿ ವಿಸ್ತರಿಸುವುದು ನಿಮ್ಮ ಫೋನಿನಲ್ಲೇ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸಬೇಕಿಲ್ಲ. ಅಧಿಕಾರಿಗಳು ಗಾಡಿ ತಡೆದರೆ ತಡೆದ ಆದೇಶದ ಪ್ರತಿ ಕೇಳಿ, ಅದನ್ನು ಮಾಲಿನವರಿಗೆ ಕಳಿಸಿ. ರಸೀದಿ ಇಲ್ಲದೆ ದಂಡ ಕಟ್ಟಬೇಡಿ.

ಕ್ಯಾಬಿನ್ನಿನ ಫೈಲು

ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಗಾಡಿಗಳಿಗೆ ಹೆಚ್ಚಾಗಿ ಕೆ.ಆರ್.ಪುರದ ಕೆಎ–53 ಆರ್‌ಟಿಒ ಕಚೇರಿ. ಆರ್‌ಸಿ, ಎಫ್‌ಸಿ, ವಿಮೆ, ಪರ್ಮಿಟ್, ತೆರಿಗೆ, ಎಮಿಷನ್, ಡಿಎಲ್ ಇವುಗಳಲ್ಲಿ ಪ್ರತಿಯೊಂದರ ಮುಗಿಯುವ ತಾರೀಕನ್ನು ಟ್ರಿಪ್ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಎಫ್‌ಸಿ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದ ದಾಖಲೆ ಕಾನೂನಿನ ಪ್ರಕಾರ ಮೂಲ ದಾಖಲೆಯಷ್ಟೇ ಮಾನ್ಯ. ಜೆರಾಕ್ಸ್ ಒಂದೇ ಇಟ್ಟುಕೊಂಡವರಿಗೆ ಆ ಮಾನ್ಯತೆ ಇಲ್ಲ.

ರಾಜ್ಯ ದಾಟುವವರಿಗೆ ನ್ಯಾಷನಲ್ ಪರ್ಮಿಟ್. ವರ್ಷಕ್ಕೆ ಒಟ್ಟು ಶುಲ್ಕ ₹16,500, ಜೊತೆಗೆ ಅಧಿಕಾರ ಪತ್ರದ ಶುಲ್ಕ. ಇಲ್ಲಿ ರಿಟರ್ನ್ ಲೋಡಿನ ಆಸೆಯಲ್ಲಿ ಎಡವುವವರಿದ್ದಾರೆ: ಚೆನ್ನೈನಲ್ಲಿ ಇಳಿಸಿ ಬೆಂಗಳೂರಿಗೆ ಲೋಡ್ ಮಾಡಬಹುದು, ಆದರೆ ಚೆನ್ನೈನಲ್ಲಿ ತುಂಬಿ ವೆಲ್ಲೂರಿನಲ್ಲಿ ಇಳಿಸುವಂತಿಲ್ಲ. ಬೇರೆ ರಾಜ್ಯದೊಳಗಿನ ಎರಡು ಊರುಗಳ ನಡುವೆ ಸಾಗಿಸಲು ನಮ್ಮ ಪರ್ಮಿಟ್‌ಗೆ ಅಧಿಕಾರವಿಲ್ಲ.

ಚಿಕ್ಕ ಗಾಡಿಯವರಿಗೆ ಒಂದು ಸಮಾಧಾನ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದು. ಅಪಘಾತವಾದಾಗ ‘ಬ್ಯಾಡ್ಜ್ ಇಲ್ಲ’ ಎಂಬ ಒಂದೇ ನೆಪ ಹೇಳಿ ವಿಮಾ ಕಂಪನಿ ಜಾರಿಕೊಳ್ಳಲಾಗದು.

ವಿಮೆ ನವೀಕರಿಸುವಾಗ ಪ್ರೀಮಿಯಂ ಕಡಿಮೆ ತೋರಿಸಲು ಏಜೆಂಟರು ಮೊದಲು ಕತ್ತರಿಸುವುದು ‘ಐಎಂಟಿ 23’. ಅದಿಲ್ಲದಿದ್ದರೆ ಸರಕು ವಾಹನದ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್‌ನಂಥ ಭಾಗಗಳಿಗೆ ಪೆಟ್ಟಾದಾಗ ಪರಿಹಾರ ಬರುವುದಿಲ್ಲ. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ದಿನಾ ಓಡಾಡುವ ಗಾಡಿಗೆ ಮೊದಲು ಪೆಟ್ಟು ಬೀಳುವುದು ಅಲ್ಲಿಗೇ. ₹15 ಲಕ್ಷದ ಮಾಲೀಕ-ಚಾಲಕರ ಅಪಘಾತ ವಿಮೆ, ಕ್ಲೀನರ್ ಇದ್ದರೆ ಅವನ ಹೆಸರಿನ ಸಣ್ಣ ಪ್ರೀಮಿಯಂ ಎರಡನ್ನೂ ಪಾಲಿಸಿಯಲ್ಲಿ ಹುಡುಕಿ ನೋಡಿ.

ಓವರ್‌ಲೋಡ್ ಬಗ್ಗೆ ಒಂದೇ ಮಾತು: ದಂಡ ₹20,000, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ ₹2,000. ಎರಡು ಟನ್ ಹೆಚ್ಚು ಹಾಕಿದ್ದಕ್ಕೆ ಕಾರ್ಖಾನೆ ಕೊಡುವ ಬಾಡಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ.

ಬಾಕಿ ವಸೂಲಿಗೆ ಉದ್ಯಮ್

ಸಾಗಣೆಯೂ ಸೇವಾ ಉದ್ಯಮವೇ. ಆಧಾರ್, ಪ್ಯಾನ್ ಇಟ್ಟುಕೊಂಡು ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ನೋಂದಾಯಿಸಿದರೆ ಪ್ರಮಾಣಪತ್ರ ಉಚಿತವಾಗಿ ಬರುತ್ತದೆ. ಅದೇ ಥರ ಕಾಣುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ, ಕೊಡಬೇಡಿ.

ಇದರ ಬಲ ಎಲ್ಲಿದೆ ಅಂದರೆ, ಸಣ್ಣ ಉದ್ಯಮದ ಬಿಲ್ಲನ್ನು ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಸೇರಿದೆ: ಆ ಅವಧಿಯೊಳಗೆ ಕೊಡದ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಆಗದು. ಹಾಗಾಗಿ ಪ್ರಮಾಣಪತ್ರದ ಪ್ರತಿಯನ್ನು ಬಿಲ್ಲಿನ ಜೊತೆ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಮೊದಲ ದಿನವೇ ಕೊಡಿ. ಮಾರ್ಚಿ ಹತ್ತಿರವಾದಂತೆ ಅವರೇ ಫೋನ್ ಮಾಡುತ್ತಾರೆ. ಸರ್ಕಾರದ ಜಾಲತಾಣದಲ್ಲಿ ದೂರು ಕೊಡುವ ದಾರಿಯೂ ಇದೆ. ಬ್ರೋಕರ್ ಮೇಲೆ ದೂರು ಹಾಕಿದರೆ ನಾಳೆ ಲೋಡ್ ಕೊಡುವವರು ಯಾರು ಎಂಬ ಭಯ ಸುಳ್ಳಲ್ಲ. ಇನ್ನು ಅವರ ಜೊತೆ ವ್ಯವಹಾರವೇ ಬೇಡ ಅನ್ನಿಸಿದವರ ವಿಷಯಕ್ಕೆ ಅದನ್ನು ಇಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ ಸಹಿ, ಸೀಲು ಬಿದ್ದ ಡೆಲಿವರಿ ರಸೀದಿ ಇಲ್ಲದೆ ಬ್ಯಾಲೆನ್ಸ್ ಕೇಳುವ ಹಕ್ಕು ನಿಲ್ಲುವುದಿಲ್ಲ. ಇಳಿಸಿದ ಗೋದಾಮಿನಲ್ಲೇ ಅದರ ಫೋಟೊ ತೆಗೆದು ಕಳಿಸಿ, ಅಸಲನ್ನು ಕೈಗೆ ಕೊಟ್ಟ ದಿನವನ್ನು ಬರೆದಿಡಿ.

ಗಾಡಿ ಮಾರುವಾಗ

ಹಳೆ ಗಾಡಿ ಕೊಟ್ಟು ಹೊಸದು ತರುವವರು ದುಡ್ಡು ಎಣಿಸಿಕೊಂಡು ಕೀ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೂ ಚಲನ್‌ಗೂ ಆರ್‌ಟಿಒ ದಾಖಲೆಯಲ್ಲಿರುವ ಮಾಲೀಕರೇ ಹೊಣೆ. ಫಾರಂ 29, 30ಕ್ಕೆ ಸಹಿ ಹಾಕಿ ಕೊಳ್ಳುವವರ ಕೈಗೆ ಕೊಟ್ಟು ಬಿಡಬೇಡಿ. ಮಾರಿದ ವಿಷಯವನ್ನು 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಿ. ಸಾಲ ತೀರಿದ್ದರೆ ಫೈನಾನ್ಸ್‌ನವರಿಂದ ಫಾರಂ 35 ಪಡೆದು ಆರ್‌ಸಿಯಿಂದ ಅವರ ಹೆಸರು ಮೊದಲೇ ತೆಗೆಸಿ. ಫಾಸ್ಟ್ಯಾಗ್ ನಿಮ್ಮ ಬ್ಯಾಂಕಿಗೆ ಸೇರಿದ್ದು, ಗಾಡಿ ಕೊಡುವ ದಿನವೇ ಮುಚ್ಚಿಸಿ. ಇಲ್ಲದಿದ್ದರೆ ಹೊಸ ಮಾಲೀಕರ ಟೋಲ್ ನಿಮ್ಮ ಖಾತೆಯಿಂದಲೇ ಕಳೆಯುತ್ತದೆ. ಆ ವರ್ಷದ ರಿಟರ್ನ್‌ನಲ್ಲಿ ಮಾರಿದ ತಿಂಗಳವರೆಗಿನ ಆದಾಯವನ್ನಷ್ಟೇ ತೋರಿಸಲು ಆಡಿಟರಿಗೆ ತಾರೀಕು ಹೇಳಿ, ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಹೊಸ ಗಾಡಿಯ ನಂಬರ್ ಹಾಕಿದ ಘೋಷಣೆಯ ಹಾಳೆಯನ್ನು ಮತ್ತೊಮ್ಮೆ ಕೊಡಿ.